ಮಾಂಟ್ಗೊಮರಿಯ ಕಾರುಗಳ ಲೆಕ್ಕಾಚಾರ

ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ ನಮಗೆಲ್ಲ ನೆನಪಾಗುವುದು ಭಾಷಣ. ಆದರೆ ಅಮೆರಿಕದ ಅಲಬಾಮಾದ ಮಾಂಟ್ಗೊಮರಿಯಲ್ಲಿ ಬಸ್ ಬಹಿಷ್ಕಾರ 381 ದಿನ ಉಳಿದದ್ದು ಕಾರುಗಳ ಏರ್ಪಾಡಿನಿಂದ.

1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನ. ಅದೇ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಸಾವಿರಾರು ಕರಪತ್ರ ತೆಗೆದರು. ಒಂದು ಹಾಳೆಗೆ ಮೂರು ಪ್ರತಿ, ಆಮೇಲೆ ಕತ್ತರಿ. 5ನೇ ತಾರೀಕು ಸೋಮವಾರ ಕಪ್ಪು ಜನ ಬಸ್ ಹತ್ತಲಿಲ್ಲ. ಅಂದೇ ಹೋರಾಟ ಸಮಿತಿಯ ಅಧ್ಯಕ್ಷಗಿರಿ 26 ವರ್ಷದ ಕಿಂಗ್ ಹೆಗಲಿಗೆ ಬಿತ್ತು. ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಸಭಾಪಾಲಕ, ಊರಿಗೆ ಇನ್ನೂ ಹೊಸಬ.

ಒಂದು ದಿನ ಬಸ್ ಬಿಡಬಹುದು, ಮರುದಿನ ಕೆಲಸಕ್ಕೆ ಹೋಗುವುದು ಹೇಗೆ? ಕಪ್ಪು ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, ತಲೆಗೆ 10 ಸೆಂಟಿಗೆ, ಕರೆದೊಯ್ದರು. ಪೊಲೀಸರು ಕನಿಷ್ಠ ದರ 45 ಸೆಂಟು ಎಂಬ ನಿಯಮ ಮುಂದೆ ಮಾಡಿದರು. ಆಗ ಕಿಂಗ್ ಲೂಯಿಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ಗೆ ಫೋನ್ ಮಾಡಿದರು. ಅಲ್ಲಿನ ಪಾಸ್ಟರ್ ಟಿ. ಜೆ. ಜೆಮಿಸನ್ 1953ರಲ್ಲೇ ಬಸ್ ಬಹಿಷ್ಕಾರ ನಡೆಸಿ ಪಳಗಿದವರು. ಆ ಮಾದರಿಯಲ್ಲೇ ಸುಮಾರು 300 ಖಾಸಗಿ ಕಾರು ಸೇರಿದವು. ಬೆಳಗ್ಗೆ ಹತ್ತಿಸಿಕೊಳ್ಳಲು 48 ಜಾಗ, ಸಂಜೆ ವಾಪಸು ಕರೆತರಲು 42. ಪ್ರಯಾಣಿಕರಿಂದ ದುಡ್ಡು ಮುಟ್ಟುವಂತಿಲ್ಲ, ಮುಟ್ಟಿದರೆ ಅದು ಪರವಾನಗಿಯಿಲ್ಲದ ಟ್ಯಾಕ್ಸಿ! ಪೆಟ್ರೋಲ್ ಖರ್ಚು ಚಂದಾ ಹಣದಿಂದ ಹೊರಟಿತು.

ಪೊಲೀಸರು ಸಣ್ಣಪುಟ್ಟದಕ್ಕೂ ದಂಡ ಬರೆದರು. 1956ರ ಜನವರಿ 26ರಂದು ಕಿಂಗ್ ಅವರನ್ನೇ ಹಿಡಿದರು: 25 ಮೈಲಿ ಮಿತಿಯಲ್ಲಿ 30 ಮೈಲಿ ವೇಗ. ನಾಲ್ಕನೇ ದಿನ ಮನೆಗೆ ಬಾಂಬು. ಹೆಂಡತಿ, ಹಸುಗೂಸು ಬದುಕಿಕೊಂಡರು. ಸಿಟ್ಟಿಗೆದ್ದು ಆಯುಧ ಹಿಡಿದು ಬಂದ ತಮ್ಮ ಕಡೆಯವರನ್ನು ಕಿಂಗ್ ಜಗಲಿಯಿಂದಲೇ ಸಮಾಧಾನಪಡಿಸಿ ಮನೆಗೆ ಕಳಿಸಿದರು.

ನನ್ನ ಪ್ರಕಾರ ಇದಕ್ಕಿಂತ ಕುತ್ತಿಗೆಗೆ ಬಂದದ್ದು ವಿಮೆ. ಜನರನ್ನು ಸಾಗಿಸಲು ಚರ್ಚುಗಳ ಹೆಸರಲ್ಲಿ ಕೊಂಡ ಸ್ಟೇಷನ್ ವ್ಯಾಗನ್ ಎಂಬ ದೊಡ್ಡ ಕಾರುಗಳ ಪಾಲಿಸಿಗಳು ಒಂದೊಂದಾಗಿ ರದ್ದಾದವು. ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಸುವ ಹಾಗಿಲ್ಲ. ಅಟ್ಲಾಂಟಾದ ಕಪ್ಪು ಏಜೆಂಟ್ ಟಿ. ಎಂ. ಅಲೆಕ್ಸಾಂಡರ್ ಕೊನೆಗೆ ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್‌ನಿಂದ ಪಾಲಿಸಿ ಕೊಡಿಸಿದರು.

ನವೆಂಬರ್ 13ರಂದು ಸ್ಥಳೀಯ ನ್ಯಾಯಾಲಯ ಕಾರುಗಳಿಗೆ ತಡೆ ಹಾಕಿತು. ಅದೇ ದಿನ ಸುಪ್ರೀಂ ಕೋರ್ಟು ಬಸ್ಸಿನ ಬಣ್ಣಭೇದವನ್ನು ತಳ್ಳಿಹಾಕಿತು. ಆದೇಶ ಕೈಸೇರಲು ಡಿಸೆಂಬರ್ 20 ಬೇಕಾಯಿತು. ಅಲ್ಲಿಯತನಕ ನಡಿಗೆಯೇ ಹೆಚ್ಚು. ಚರ್ಚುಗಳಲ್ಲಿ ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಜೋಡಿಸಿ, ಬೈದರೂ ಹೊಡೆದರೂ ತಿರುಗಿ ಬೀಳದಿರುವ ತಾಲೀಮು ನಡೆಸಿದರು. 21ರ ಬೆಳಗ್ಗೆ ಕಿಂಗ್ ಬಸ್ ಹತ್ತಿದರು. ತಿಂಗಳು ಮುಗಿಯುವಷ್ಟರಲ್ಲಿ ಬಸ್ಸುಗಳ ಮೇಲೆ ಗುಂಡು ಹಾರಿ, ಕತ್ತಲಾದ ಮೇಲಿನ ಸಂಚಾರವನ್ನು ಕೆಲಕಾಲ ನಿಲ್ಲಿಸಬೇಕಾಯಿತು.