ಹೊಟ್ಟೆಯಲ್ಲಿ ಸ್ವಲ್ಪ ಜಾಗ

ಜಪಾನಿನ ಫುಕುವೊಕಾದಲ್ಲಿ ಕೈಬಾರಾ ಎಕ್ಕೆನ್ ಅಂತ ಒಬ್ಬ ಪಂಡಿತರಿದ್ದರು. ಚಿಕ್ಕಂದಿನಿಂದಲೂ ಮೈಯಲ್ಲಿ ಕಸುವು ಕಮ್ಮಿ. ಅಂಥವರು 80 ದಾಟಿದ ಮೇಲೆ, 1713ರಲ್ಲಿ, ಆರೋಗ್ಯದ ಬಗ್ಗೆ ‘ಯೋಜೋಕುನ್’ ಅನ್ನುವ ಪುಸ್ತಕ ಬರೆದರು. ನನಗಂತೂ ಇವರ ಮೇಲೆ ಪ್ರೀತಿಯೇ ಬಂದುಬಿಟ್ಟಿದೆ. ದೊಡ್ಡ ದೊಡ್ಡ ಮಾತಿಲ್ಲ. ಹೊಟ್ಟೆ ಬಿರಿಯುವ ಮೊದಲೇ ಊಟ ನಿಲ್ಲಿಸಿ, ಉಂಡ ತಕ್ಷಣ ಮಲಗಬೇಡಿ, ಸ್ವಲ್ಪ ನಡೆಯಿರಿ, ಅಷ್ಟೇ. ಜಪಾನಿನದೇ ಓಕಿನಾವಾ ದ್ವೀಪದ ಹಿರಿಯರು ಊಟಕ್ಕೆ ಮುಂಚೆ ‘ಹರಾ ಹಾಚಿ ಬು’ ಅಂದುಕೊಳ್ಳುವುದೂ ಇದನ್ನೇ: ಹತ್ತರಲ್ಲಿ ಎಂಟು ಪಾಲು ತುಂಬಿದರೆ ಸಾಕು.

ಈಗ ರಾತ್ರಿ ಅಮ್ಮ ಇನ್ನೊಂದು ಸೌಟು ಅನ್ನ ತಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇನೆ. ಅವರಿಗೆ ಸ್ವಲ್ಪ ಬೇಜಾರು. ಮಜ್ಜಿಗೆ ಮಾತ್ರ ಬಿಡಲ್ಲ. ಆಮೇಲೆ ಇಬ್ಬರೂ ಬೀದಿ ಕೊನೆಯವರೆಗೆ ಹೋಗಿಬರುತ್ತೇವೆ. ಎಕ್ಕೆನ್ ಹೇಳಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಈ ನಡಿಗೆಯೇ.