ಕಾವಲಿಗೆ ನಿಂತ ಶಾಂತಿ

ಬಯಾಪ್ಸಿ ವರದಿ ಬರಲು ಆರು ದಿನ ಬೇಕೆಂದು ವೈದ್ಯರು ಹೇಳಿದ ರಾತ್ರಿ, ಚಿಕ್ಕಂದಿನಿಂದ ಪ್ರಾರ್ಥಿಸುತ್ತಲೇ ಬೆಳೆದ ನನಗೆ ಒಂದು ವಾಕ್ಯದ ಪ್ರಾರ್ಥನೆಯನ್ನೂ ಮುಗಿಸಲಾಗಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಬೋರಲಾಗಿಟ್ಟ ಮೊಬೈಲನ್ನು, ನಡುರಾತ್ರಿಯಲ್ಲಿ ಯಾರೂ ಕರೆ ಮಾಡುವುದಿಲ್ಲವೆಂದು ಗೊತ್ತಿದ್ದರೂ, ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಭಯಕ್ಕಿಂತ ಹೆಚ್ಚು ಕಾಡಿದ್ದು ನಾಚಿಕೆ; ನಿಜವಾದ ವಿಶ್ವಾಸಿ ಹೀಗೆ ನಡುಗುವುದುಂಟೇ?

ಆ ನಾಚಿಕೆಯನ್ನು ಇಳಿಸಿದ್ದು ಬೈಬಲಿನ 56ನೆಯ ಕೀರ್ತನೆ. ಹೆದರಿಕೆ ಬಂದಾಗ ನಿನ್ನನ್ನು ನಂಬುವೆನು ಎಂದು ಅದರ 3ನೆಯ ವಚನ ಮೊದಲು ಭಯವನ್ನು ಒಪ್ಪಿಕೊಳ್ಳುತ್ತದೆ; ಹೆದರೆನು ಎಂಬ ಮಾತು ಬರುವುದು ಅದರ ಮುಂದಿನ ವಚನದಲ್ಲಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಮನಗುಂದಿ, ಈ ಸಂಕಟದ ಪಾತ್ರೆ ತನ್ನನ್ನು ಬಿಟ್ಟುಹೋಗಲೆಂದು ಬೇಡಿಕೊಂಡನಲ್ಲವೇ? ಹೆದರುವುದು ಅವಿಶ್ವಾಸವೆಂದು ನಮಗೆ ಕಲಿಸಿದವರು ಈ ಪುಟಗಳನ್ನು ಸ್ವಲ್ಪ ಅವಸರದಲ್ಲಿ ತಿರುವಿದ್ದರೆಂದು ನನಗನಿಸುತ್ತದೆ.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಅಪೊಸ್ತಲ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಪಟ್ಟಣದ ವಿಶ್ವಾಸಿಗಳಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ. ಗ್ರಹಿಕೆಗೆ ಮೀರಿದ ದೇವಶಾಂತಿಯು ಹೃದಯಗಳನ್ನೂ ಯೋಚನೆಗಳನ್ನೂ ಕಾಯುವುದು ಎಂದು ಅಲ್ಲಿ ಅವನು ಬರೆಯುತ್ತಾನೆ. ಕಾಯುವುದು ಎಂಬಲ್ಲಿ ಅವನು ಬಳಸಿರುವ ಗ್ರೀಕ್ ಪದ ಸೈನಿಕರ ಕಾವಲಿಗೆ ಸಲ್ಲುವಂಥದ್ದು. ತನ್ನನ್ನು ಹಿಡಿಯಲು ದಮಸ್ಕ ಪಟ್ಟಣಕ್ಕೆ ಕಾವಲು ಹಾಕಿದ್ದನ್ನು ಕೊರಿಂಥದವರಿಗೆ ಬರೆಯುವಾಗಲೂ ಅದೇ ಪದ ಬರುತ್ತದೆ. ಬೇಡಿ ತೊಟ್ಟ ಸೆರೆಯಾಳು ಈ ಮಾತನ್ನು ಸುಮ್ಮನೆ ಆಯ್ದಿರಲಾರ. ಕಾವಲುಗಾರ ನಿಂತ ಮಾತ್ರಕ್ಕೆ ಶತ್ರು ಇಲ್ಲವಾಗುವುದಿಲ್ಲ, ಬಾಗಿಲಾಚೆಯೇ ಇರುತ್ತಾನೆ. ನನ್ನ ಭಯವೂ ಹಾಗೆಯೇ ಇತ್ತು, ಹೋಗಿರಲಿಲ್ಲ, ಒಳಗೆ ಬಂದು ಕುಳಿತಿರಲೂ ಇಲ್ಲ.

ಅಂದಿನಿಂದ ನನ್ನ ಪ್ರಾರ್ಥನೆ ಚಿಕ್ಕದಾಯಿತು. ಒಳ್ಳೆಯ ವರದಿ ಬರಲೆಂದು ಬೇಡಿದೆ, ಅದನ್ನು ಮುಚ್ಚಿಡುವುದೇಕೆ. ಆಮೇಲೆ, ಈ ರಾತ್ರಿ ಬಾಗಿಲಲ್ಲಿ ನೀನೇ ನಿಲ್ಲು ಎಂದಷ್ಟೇ ಹೇಳಿ ದೀಪ ಆರಿಸುತ್ತಿದ್ದೆ. ಮೊದಲ ಎರಡು ರಾತ್ರಿ ಅದರಿಂದ ಏನೂ ಆಗಲಿಲ್ಲ.

ಆರನೆಯ ದಿನ ಲಕೋಟೆ ಬಿಡಿಸುವಾಗ ಬೆರಳುಗಳು ನಡುಗುತ್ತಲೇ ಇದ್ದವು. ವರದಿ ಒಳ್ಳೆಯದೇ ಆಗಿತ್ತು. ಆದರೆ ಅದು ಕೈಸೇರುವ ಹಿಂದಿನ ರಾತ್ರಿಯೇ, ಏನೊಂದೂ ತಿಳಿಯದಿದ್ದಾಗ, ನಾನು ಬೆಳಗಿನ ತನಕ ಮಲಗಿ ನಿದ್ರಿಸಿದ್ದೆ.