ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು?

ಮಗನನ್ನೋ ಮಗಳನ್ನೋ ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ಹಿರಿಯರು ಮೊದಲು ಕೇಳುವುದು ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕು ಎಂದು. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಅತಿ ಹತ್ತಿರದ ಆಕಾಶಮಾರ್ಗ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗವೆಂದು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ವಿಮಾನ ಅಷ್ಟೇ ಹೊತ್ತಿಗೆ ತಲುಪುವುದು ಅಪರೂಪ.

ಗೋಡೆಯ ಮೇಲಿನ ಭೂಪಟವನ್ನು ನೋಡಿದವರಿಗೆ ಜಪಾನಿನ ಕಡೆಯಿಂದ ಪೆಸಿಫಿಕ್ ಸಾಗರವನ್ನು ನೇರವಾಗಿ ದಾಟುವುದೇ ಹತ್ತಿರದ ದಾರಿ ಎನ್ನಿಸುತ್ತದೆ. ಮಕ್ಕಳ ಓದುಮೇಜಿನ ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ: ಅದು ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಟು, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ ಮತ್ತು ಸೈಬೀರಿಯಾಗಳನ್ನು ಹಾದು, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ. ವಿಮಾನಗಳು ಈ ದಾರವನ್ನು ಹಾಗೆಯೇ ಹಿಡಿದು ಹೋಗುವುದಿಲ್ಲ. ಒಳಗಿನ ಗಾಳಿಯೊತ್ತಡ ಕುಸಿದರೆ ಪೈಲಟ್ ತಕ್ಷಣ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ಸಾಮಾನ್ಯವಾಗಿ ಅದರ ಮೇಲೆ ಹಾರದೆ ಸುತ್ತುಹಾಕಿಕೊಂಡೇ ಹೋಗುತ್ತಾರೆ. ಇದರ ಜೊತೆಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯ ಪ್ರವಾಹವನ್ನು ನೋಡಿಕೊಂಡು ಆಯಾ ದಿನದ ದಾರಿ ನಿರ್ಧಾರವಾಗುತ್ತದೆ.

ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ಮೊದಲ ನೇರ ವಿಮಾನವನ್ನು ಹಾರಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದಲೇ ಸುಮಾರು 16,000 ಕಿ.ಮೀ. ಕ್ರಮಿಸಿ, ಹತ್ತಿರ ಹತ್ತಿರ ಹದಿನೇಳು ಗಂಟೆಯಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಆ ಸುದ್ದಿಯನ್ನು ಓದಿದಾಗ ಆದ ಸಂತೋಷ ನನಗೆ ಇಂದಿಗೂ ಕಡಿಮೆಯಾಗಿಲ್ಲ. ಅಂಥ ದಾರಿಯಲ್ಲಿ ಆಪತ್ತಿಗೆ ಇಳಿಯಬಹುದಾದ ನಿಲ್ದಾಣಗಳು ವಿರಳ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ದೂರದ ಮಗದಾನ್‌ನಲ್ಲಿ ಇಳಿಯಬೇಕಾಯಿತು.

ದುಬೈ ಮೂಲಕ ಹೋದರೆ ದೂರ 15,700 ಕಿ.ಮೀ. ಆಸುಪಾಸು, ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 16,500. ದೂರ ಹೆಚ್ಚುವುದು ಅಷ್ಟೇನಲ್ಲ. ನಡುವಿನ ನಿಲ್ದಾಣದಲ್ಲಿ ಕಾಯುವುದೇ ಪ್ರಯಾಣವನ್ನು ಇಪ್ಪತ್ತು ಗಂಟೆಗಿಂತ ಆಚೆಗೆ ಎಳೆಯುತ್ತದೆ. ಆದರೂ ಮಂಡಿನೋವಿರುವವರಿಗೆ ನಡುವೆ ಎದ್ದು ಓಡಾಡಲು ಸಿಗುವ ಆ ಎರಡು ಮೂರು ಗಂಟೆ ದೊಡ್ಡ ಉಪಕಾರವೆಂದೇ ನಾನು ಭಾವಿಸುತ್ತೇನೆ.

ಗಡಿಯಾರದ ಗೊಂದಲ ಬೇರೆಯೇ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದವರು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ. ಮರಳುವಾಗ ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಟು ಹದಿನೇಳೂವರೆ ಗಂಟೆ ಕುಳಿತರೆ ಇಲ್ಲಿ ಭಾನುವಾರ ಬೆಳಗಿನ ಜಾವ ನಾಲ್ಕು. ಹೀಗಾಗಿ ಇನ್ಸುಲಿನ್ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಹಿರಿಯರು "ಬೆಳಿಗ್ಗೆ, ರಾತ್ರಿ" ಎಂದು ಬರೆದ ಚೀಟಿಯನ್ನಷ್ಟೇ ನಂಬಿಕೊಳ್ಳದೆ, ಎಷ್ಟು ಗಂಟೆಗೊಮ್ಮೆ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಂಡು, ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ.